ಮೊದಲನೇ ಸುಗ್ಗಿಯ ಕೆಮ್ಮು

ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ರಾಣೆಬೆನ್ನೂರಿನ ಮೀನಿನ ಪ್ರದರ್ಶನದಲ್ಲಿ, ಕೊನೆಯ ಗಾಜಿನ ತೊಟ್ಟಿಯೊಳಗೆ ಒಂದು ಮೀನು ಸಾಯುತ್ತಿತ್ತು. ಸುತ್ತ ನಿಂತವರು ಅದಕ್ಕೆ ಹಸಿವಾಗಿದೆ ಎಂದುಕೊಂಡಿದ್ದರು.

ಮೀನು ಕಿತ್ತಳೆ ಬಣ್ಣದ್ದು, ಅಂಗೈಯಷ್ಟು ಅಗಲ. ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಒಬ್ಬ ಹೆಂಗಸು ಪೊಟ್ಟಣದಿಂದ ನಾಲ್ಕು ಮಂಡಕ್ಕಿ ಎಸೆದಳು. ಮಂಡಕ್ಕಿ ಅದರ ಬಾಯಿಯ ಮುಂದೆಯೇ ತೇಲಿತು, ಮೀನು ಮುಟ್ಟಲಿಲ್ಲ.

ಆರು ವರ್ಷದ ಅಲ್ಮಾಸ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದಳು. ಅವಳ ತಂದೆ ಜಾವೇದ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದ. ಅವನು ಬ್ಯಾಡಗಿಯವನು, ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಅಂದು ರಾಣೆಬೆನ್ನೂರಿಗೆ ಒಂದು ಲೋಡು ಇತ್ತು. ಮನೆಯಲ್ಲಿ ಐದು ತಿಂಗಳ ಗಂಡುಕೂಸು ಕೈಸರನಿಗೆ ಕೆಮ್ಮು ಹಿಡಿದಿತ್ತು. ಕೂಸಿಗೆ ತುಸು ಕಣ್ಣು ಹತ್ತುವಷ್ಟರಲ್ಲಿ ಅಲ್ಮಾಸಳ ಗದ್ದಲಕ್ಕೆ ಎಚ್ಚರವಾಗುತ್ತಿತ್ತು. ಹುಡುಗಿಯನ್ನು ಅರ್ಧ ದಿನವಾದರೂ ಹೊರಗೆ ಕರೆದುಕೊಂಡು ಹೋಗು ಎಂದು ಹೆಂಡತಿ ಜಾಹೀದಾ ಹೇಳಿ ಕಳಿಸಿದ್ದಳು. ಲೋಡು ಇಳಿಸಿದ ಮೇಲೆ, ದಾರಿಯಲ್ಲಿ ದೊಡ್ಡ ಮೀನಿನ ಚಿತ್ರದ ಫಲಕ ಕಂಡು ಜಾವೇದ ಗಾಡಿ ನಿಲ್ಲಿಸಿದ್ದ.

ಪ್ರದರ್ಶನವೆಂದರೆ ತಗಡು ಮತ್ತು ನೀಲಿ ಬಟ್ಟೆಯಿಂದ ಕಟ್ಟಿದ ಉದ್ದನೆಯ ಓಣಿ. ಎರಡೂ ಬದಿಗೆ ತೊಟ್ಟಿಗಳು, ಅವುಗಳ ಮೇಲೆ ನೀಲಿ ದೀಪ, ಕಿವಿಗೆ ಬಡಿಯುವ ಹಾಡು. ಅಲ್ಲಿ ಕೆಲಸಕ್ಕಿದ್ದ ಫಕ್ಕೀರೇಶನನ್ನು ಬೆಳಿಗ್ಗೆಯಿಂದ ಬಾಗಿಲಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದ್ದರು. ಜನ ಕಡಿಮೆಯಾದ ಮೇಲೆ ಅವನು ಒಳಗೆ ಬಂದು ಕೊನೆಯ ತೊಟ್ಟಿ ನೋಡಿದ, ಕೂಡಲೇ ಅದರ ಹಿಂದೆ ಬಗ್ಗಿದ. ನೀರಿಗೆ ಗಾಳಿ ಕೊಡುವ ಪಂಪಿನ ಪ್ಲಗ್ಗನ್ನು ಯಾರೋ ಕಿತ್ತು, ಆ ಜಾಗದಲ್ಲಿ ಸ್ಪೀಕರಿನ ಪ್ಲಗ್ ಹಾಕಿದ್ದರು.

"ಅದಕ್ಕ ಹಸಿವಾಗೇತಿ?" ಎಂದು ಅಲ್ಮಾಸ ಕೇಳಿದಳು.

"ಹಸಿವಲ್ಲವಾ, ಉಸರ ಸಾಲವಲ್ದು. ಇಲ್ಲಿ ನೋಡು, ಇದು ಕಿವಿರು. ಎಷ್ಟ ಲಗೂ ಲಗೂ ಬಡಕೊಳ್ಳಾಕತ್ತೇತಿ ನೋಡು."

ಅವನು ಅವಳ ತಲೆಯನ್ನು ಮೆಲ್ಲಗೆ ಪಕ್ಕದ ತೊಟ್ಟಿಯ ಕಡೆ ತಿರುಗಿಸಿದ. ಅಲ್ಲಿ ಅಂಥದೇ ಇನ್ನೊಂದು ಮೀನಿನ ಕೆನ್ನೆಯ ಹಿಂದಿನ ಸೀಳು ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಆರಾಮಿದ್ದ ಮೀನು ಹಾಗೆ ಇರುತ್ತದೆ, ಉಸಿರು ಸಾಲದ ಮೀನು ಹೀಗೆ ಇರುತ್ತದೆ, ಅದು ಬಾಯಿ ತೆರೆದರೂ ಏನೂ ತಿನ್ನುವುದಿಲ್ಲ ಎಂದು ಅವನು ಹೇಳಿಕೊಟ್ಟ. ಹೇಳುತ್ತಲೇ ಪಕ್ಕದ ತೊಟ್ಟಿಯಿಂದ ಗಾಳಿಯ ನಳಿಕೆಯನ್ನು ತೆಗೆದು ಈ ತೊಟ್ಟಿಗೆ ಇಳಿಬಿಟ್ಟ. ಗುಳ್ಳೆಗಳು ಎದ್ದವು. ಅಷ್ಟರಲ್ಲಿ ಮೀನು ಒಂದು ಮಗ್ಗುಲಿಗೆ ವಾಲಿತ್ತು.

"ಗಾಳಿ ಕೊಟ್ರ ಆರಾಮ ಆಕ್ಕೇತೇನು?"

"ಲಗೂ ಕೊಟ್ರ ಆಕ್ಕೇತಿ."

ಜಾವೇದ ಫೋನು ಕಿಸೆಗಿಟ್ಟು ಹೊರಡೋಣ ಎಂದ. ಅಲ್ಮಾಸ ಗಾಜು ಬಿಟ್ಟು ಅಲುಗಲಿಲ್ಲ. ಮತ್ತೆ ಫೋನು ಬಂತು, ಜಾವೇದ ಮತ್ತೆ ಮಾತಿಗೆ ನಿಂತ. ಮೀನಿನ ಕಿವಿರು ಇನ್ನಷ್ಟು ಬೇಗ ಬಡಿದುಕೊಂಡಿತು, ಆಮೇಲೆ ತಡೆದು ತಡೆದು ಬಡಿದುಕೊಂಡಿತು, ಆಮೇಲೆ ನಿಂತಿತು. ಫಕ್ಕೀರೇಶ ಸಣ್ಣ ಬಲೆಯಿಂದ ಅದನ್ನೆತ್ತಿ ಕೆಂಪು ಬಕೆಟ್ಟಿಗೆ ಹಾಕಿ, ಮೇಲೊಂದು ರಟ್ಟು ಮುಚ್ಚಿ, ಮುಂದಿನವರು ಬರಬಹುದು ಎಂದು ಬಾಗಿಲ ಕಡೆ ಕೂಗಿದ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗುವಾಗ, ಬಣ್ಣಬಣ್ಣದ ಮೀನು ಚೆಂದಿದ್ದವೇ ಎಂದು ಜಾವೇದ ಮಗಳನ್ನು ಕೇಳಿದ. ಚೆಂದಿದ್ದವು ಎಂದು ಅಲ್ಮಾಸ ಹೇಳಿದಳು.

ಫೆಬ್ರುವರಿ ತಿಂಗಳು. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಕಾಲ. ರಸ್ತೆಯ ಉದ್ದಕ್ಕೂ ಚೀಲಗಳು, ಅಂಗಳಗಳಲ್ಲಿ ಕೆಂಪು ರಾಶಿ. ಹೊರಗಿನವರು ಬಸ್ಸಿಳಿದ ಕೂಡಲೇ ಸೀನುತ್ತಾರೆ. ಊರಿನವರು ಮಾತಿನ ನಡುವೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಮಾತು ಮುಂದುವರಿಸುತ್ತಾರೆ. ಸುಗ್ಗಿಯಲ್ಲಿ ಇಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾಹೀದಾ ಕೂಡ ಮಧ್ಯಾಹ್ನದವರೆಗೆ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಸಾಲಾಗಿ ಕುಳಿತ ಹೆಂಗಸರೆಲ್ಲ ಕೆಮ್ಮುತ್ತಿದ್ದರು.

ಅವಳ ಅತ್ತೆ ಹಾಜಿರಾಬಿ ಇದೇ ಮನೆಯಲ್ಲಿ ನಾಲ್ಕು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ನದಾಫರ ಮನೆ ಅದು, ಮನೆಮಾತು ಕನ್ನಡ. ಕೂಸನ್ನು ಡಾಕ್ಟರಿಗೆ ತೋರಿಸೋಣವೇ ಎಂದು ಜಾಹೀದಾ ಶನಿವಾರವೇ ಕೇಳಿದ್ದಳು. ಹಾಜಿರಾಬಿ ನಕ್ಕಿದ್ದಳು.

"ಬ್ಯಾಡಗ್ಯಾಗ ಹುಟ್ಟಿದ ಕೂಸು ಮೊದಲನೇ ಸುಗ್ಗಿಗೆ ಕೆಮ್ಮಬೇಕವಾ. ನಿನ್ನ ಗಂಡನೂ ಕೆಮ್ಮಿದ್ದ. ಬರೂ ವರ್ಷ ರೂಢಿ ಆಕ್ಕೇತಿ. ನೀ ಅಗಡಿಯಾಕಿ, ನಿನಗ ಇದು ತಿಳೀದು."

ಜಾಹೀದಾಳ ತವರು ಹಾವೇರಿ ಪಕ್ಕದ ಅಗಡಿ. ಮೆಣಸಿನಕಾಯಿಯ ಊರಿಗೆ ಬಂದು ಎಂಟು ವರ್ಷವಾದರೂ ಅತ್ತೆಯ ಲೆಕ್ಕದಲ್ಲಿ ಅವಳು ಇನ್ನೂ ಹೊರಗಿನವಳೇ. ಹಾಜಿರಾಬಿ ಕೂಸಿನ ಎದೆಗೆ ಬಿಸಿ ಅಜವಾನದ ಶಾಖ ಕೊಟ್ಟಳು. ಒಂದರ ಮೇಲೊಂದು ಎರಡು ಸ್ವೆಟರ್ ತೊಡಿಸಿದಳು, ತಲೆಗೆ ಕುಂಚಿಗಿ ಕಟ್ಟಿದಳು, ಮೇಲೆ ದುಪ್ಪಟಿಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದಳು. ಕೂಸಿನ ಮುಖದಲ್ಲಿ ಕಣ್ಣು, ಮೂಗು, ಬಾಯಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಭಾನುವಾರ ಸಂಜೆ ಒದ್ದೆಯಾದ ಬಟ್ಟೆ ಬದಲಿಸಲು ಹಾಜಿರಾಬಿ ದುಪ್ಪಟಿ ಬಿಚ್ಚಿ, ಸ್ವೆಟರುಗಳನ್ನು ಮೇಲಕ್ಕೆ ಸರಿಸಿದಾಗ ಅಲ್ಮಾಸ ಪಕ್ಕದಲ್ಲೇ ಕುಳಿತಿದ್ದಳು. ತಮ್ಮನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಪಕ್ಕೆಲುಬಿನ ಕೆಳಗಿನ ಚರ್ಮ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು, ಮತ್ತೆ ಒಳಕ್ಕೆ ಹೋಗುತ್ತಿತ್ತು. ಆ ತಗ್ಗಿನ ಮೇಲೆ ಅವಳು ಬೆರಳಿಟ್ಟಳು.

"ಆಯಿ, ತಮ್ಮನ ಕಿವಿರು ಬಡಕೊಳ್ಳಾಕತ್ತೇತಿ."

ಏನು ಎಂದು ಹಾಜಿರಾಬಿ ಕೇಳಿದಳು. ರಾಣೆಬೆನ್ನೂರಿನ ಮೀನೂ ಹೀಗೇ ಉಸಿರಾಡುತ್ತಿತ್ತು, ಆಮೇಲೆ ಸತ್ತುಹೋಯಿತು ಎಂದು ಅಲ್ಮಾಸ ವಿವರಿಸಿದಳು. ಹಾಜಿರಾಬಿಯ ಕೈ ಅವಳ ಬೆನ್ನಿನ ಮೇಲೆ ಬಿತ್ತು.

"ತೋಬಾ ಅನ್ನು. ಸತ್ತ ಮೀನಕ್ಕ ತಮ್ಮನ್ನ ಹೋಲಸ್ತೀಯೇನ? ನಿನ್ನ ನಾಲಿಗಿ ಎಂಥಾದ್ದ ಅದು."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಜಾಹೀದಾ ಏನಾಯಿತೆಂದು ಅಲ್ಲಿಂದಲೇ ಕೇಳಿದಳು. ಹುಡುಗಿ ಬಾಯಿಗೆ ಬಂದದ್ದನ್ನು ಆಡುತ್ತಾಳೆ ಎಂದಷ್ಟೇ ಹಾಜಿರಾಬಿ ಹೇಳಿದಳು. ಜಾಹೀದಾ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು ತಾನೂ ಮಗಳನ್ನು ಬೈದಳು. ಆ ಹೊತ್ತಿಗೆ ಸ್ವೆಟರುಗಳು ಕೆಳಗಿಳಿದಿದ್ದವು, ದುಪ್ಪಟಿ ಮತ್ತೆ ಸುತ್ತಿಯಾಗಿತ್ತು. ಆಮೇಲೆ ಅವಳು ಹಾಲು ಕುಡಿಸಲು ಕುಳಿತರೆ ಕೂಸು ಎರಡು ಗುಟುಕು ಎಳೆದು ಮುಖ ತಿರುಗಿಸಿತು. ಘಾಟಿಗೆ ಗಂಟಲು ಉರಿಯುತ್ತದೆ, ಅದಕ್ಕೇ ಕುಡಿಯುತ್ತಿಲ್ಲ ಎಂದು ಹಾಜಿರಾಬಿ ಹೇಳಿದಳು. ಅಲ್ಮಾಸ ತಾಯಿಯ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು.

ಸೋಮವಾರ ಬೆಳಿಗ್ಗೆ ಜಾವೇದ ಲೋಡು ತುಂಬಿಕೊಂಡು ಕುಮಾರಪಟ್ಟಣದ ಕಡೆ ಹೋದ. ಜಾಹೀದಾ ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲಿ ನಿಂತು, ತಿರುಗಿ ಬಂದು ಕೂಸಿನ ಹಣೆ ಮುಟ್ಟಿದಳು. ತುಸು ಬೆಚ್ಚಗಿತ್ತು. ಮಧ್ಯಾಹ್ನ ಬಂದವಳೇ ಡಾಕ್ಟರಿಗೆ ತೋರಿಸುತ್ತೇನೆ ಎಂದು ಅತ್ತೆಗೆ ಹೇಳಿದಳು. ನಿನ್ನ ಸಮಾಧಾನಕ್ಕೆ ತೋರಿಸು ಎಂದು ಹಾಜಿರಾಬಿ ಹೇಳಿದಳು. ತೊಟ್ಟಿಲು ತೂಗಲು ಬೇಕೆಂದು ಅಲ್ಮಾಸಳನ್ನು ಶಾಲೆಗೆ ಕಳಿಸಲಿಲ್ಲ.

ಕೂಸು ಬೆಳಿಗ್ಗೆ ಅಳುತ್ತಿತ್ತು. ಹೊತ್ತು ಏರಿದಂತೆ ಅಳು ಸಣ್ಣದಾಗಿ, ಕೊನೆಗೆ ನಿಂತಿತು. ಈಗ ನಿದ್ದೆ ಬಂತು ಎಂದು ಹಾಜಿರಾಬಿ ಸಮಾಧಾನಪಟ್ಟಳು. ಮಧ್ಯಾಹ್ನದ ಆಜಾನ್ ಆದಾಗ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಒಳಕೋಣೆಗೆ ಹೋಗಿ ನಮಾಜಿಗೆ ನಿಂತಳು.

ಅಲ್ಮಾಸ ತೊಟ್ಟಿಲಿನೊಳಗೆ ಇಣುಕಿದಳು. ಕೈಸರ ನಿದ್ದೆ ಮಾಡಿರಲಿಲ್ಲ. ಬಾಯಿ ತೆರೆದಿದ್ದ.

ಮಂಚದ ಕೆಳಗೆ ಜಾವೇದ ಬೈಕಿಗೆ ಗಾಳಿ ಹೊಡೆಯುವ, ಕಾಲಿನಿಂದ ತುಳಿಯುವ ಪಂಪು ಇತ್ತು. ಅವಳು ಅದನ್ನು ಎರಡೂ ಕೈಯಿಂದ ಎಳೆದು ತೊಟ್ಟಿಲ ಬಳಿಗೆ ತಂದಳು. ನಳಿಕೆಯ ತುದಿಯನ್ನು ತಮ್ಮನ ಕುಂಚಿಗಿಯ ಕಟ್ಟಿನೊಳಗೆ, ಮೂಗಿನ ಹತ್ತಿರ ಸಿಕ್ಕಿಸಿದಳು. ಒಂದು ಕಾಲಿನಿಂದ ತುಳಿದರೆ ಪಂಪು ಇಳಿಯಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ಎರಡೂ ಕಾಲಿನಿಂದ ಏರಿ ನಿಂತಳು. ಗಾಳಿ ಬಂತು. ಕುಂಚಿಗಿಯ ಅಂಚು ಅಲುಗಿತು. ಇಳಿದು ಮತ್ತೆ ಏರಿದಳು.

ಜಾಹೀದಾ ಒಳಗೆ ಬಂದಾಗ ಕಂಡದ್ದು ಇದು: ಮಗಳು ಪಂಪಿನ ಮೇಲೆ ಕುಣಿಯುತ್ತಿದ್ದಾಳೆ, ನಳಿಕೆ ಕೂಸಿನ ಮುಖದ ಮೇಲಿದೆ. ಅವಳು ಮಗಳನ್ನು ದೂಡಿದಳು. ಅಲ್ಮಾಸ ಗೋಡೆಗೆ ಬಡಿದು ಕೆಳಗೆ ಕುಳಿತಳು. ನಳಿಕೆ ಎಲ್ಲಿ ಚುಚ್ಚಿದೆಯೋ ಎಂದು ಜಾಹೀದಾ ಕೂಸನ್ನು ಎತ್ತಿ ಬಾಗಿಲ ಬೆಳಕಿಗೆ ತಂದು ಕುಂಚಿಗಿ ಕಿತ್ತಳು, ದುಪ್ಪಟಿ ಬಿಚ್ಚಿದಳು, ಎರಡೂ ಸ್ವೆಟರ್ ತೆಗೆದಳು. ಎಲ್ಲೂ ಗಾಯವಿರಲಿಲ್ಲ. ಆಗ ಅವಳು ಮಗನ ಎದೆಯನ್ನು ನೋಡಿದಳು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಬೆರಳು ಹಿಡಿಸುವಷ್ಟು ತಗ್ಗು ಬೀಳುತ್ತಿತ್ತು. ತುಟಿ ನೀಲಿಗಟ್ಟಿತ್ತು.

"ಅವ್ವಾ, ಗಾಳಿ ಕೊಡಾಕತ್ತಿದ್ದೆ," ಎಂದು ಅಲ್ಮಾಸ ಗೋಡೆಯ ಬುಡದಿಂದ ಹೇಳಿದಳು. "ಲಗೂ ಕೊಡಬೇಕಂತ."

ಜಾಹೀದಾ ಮೈಮೇಲಿನ ಓಢಣಿಯನ್ನೇ ಕೂಸಿಗೆ ಸುತ್ತಿ ಬರಿಗಾಲಲ್ಲಿ ಓಡಿದಳು. ಅವಳ ಜೊತೆ ತೊಟ್ಟು ಬಿಡಿಸುವ ಪಕ್ಕದ ಮನೆಯ ಕುಲ್ಸುಮಬಿ ಆಗಷ್ಟೇ ಬಾಗಿಲ ಬೀಗ ತೆಗೆಯುತ್ತಿದ್ದಳು. ಬೀಗವನ್ನು ಹಾಗೇ ಬಿಟ್ಟು ಹಿಂದೆ ಓಡಿ, ದಾರಿಯಲ್ಲಿ ಆಟೋ ನಿಲ್ಲಿಸಿದಳು. ಬ್ಯಾಡಗಿಯ ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಆಕ್ಸಿಜನ್ ಹಚ್ಚಿ, ಇಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅಂಬುಲೆನ್ಸಿನಲ್ಲಿ ಹಾವೇರಿಗೆ ಕಳಿಸಿದರು.

ಹಾಜಿರಾಬಿ ನಮಾಜು ಮುಗಿಸಿ ಬಂದಾಗ ತೊಟ್ಟಿಲು ಬರಿದಾಗಿತ್ತು, ಅದರ ಕೆಳಗೆ ಪಂಪು ಬಿದ್ದಿತ್ತು. ಅಲ್ಮಾಸಳನ್ನು ಕೇಳಿದಳು. ಗಾಳಿ ಹೊಡೆದೆ ಎಂದು ಅಲ್ಮಾಸ ಹೇಳಿದಳು. ಹಾಜಿರಾಬಿ ಮಗನಿಗೆ ಫೋನು ಮಾಡಿ, ನಿನ್ನ ಮಗಳು ಕೂಸಿನ ಮೂಗಿನೊಳಗೆ ಪಂಪು ಹೊಡೆದು ಎದೆ ಕೆಡಿಸಿದ್ದಾಳೆ ಎಂದು ಅಳುತ್ತ ಹೇಳಿದಳು. ಅಂಬುಲೆನ್ಸು ಮೋಟೆಬೆನ್ನೂರು ಮುಟ್ಟುವ ಮೊದಲೇ ಓಣಿಗೆಲ್ಲ ಇದು ಗೊತ್ತಾಗಿತ್ತು.

ಜಾವೇದ ಅದನ್ನು ನಂಬಿಕೊಂಡೇ ಹಾವೇರಿಗೆ ಬಂದ. ಮಕ್ಕಳ ವಾರ್ಡಿನ ಮುಂದೆ ಹೆಂಡತಿ ನೆಲದ ಮೇಲೆ ಕುಳಿತಿದ್ದಳು. ಕಾಲಿಗೆ ಕುಲ್ಸುಮಬಿಯ ಚಪ್ಪಲಿ ಇತ್ತು. ಕೂಸಿಗೆ ಚಿಕಿತ್ಸೆ ಕೊಡುತ್ತಿದ್ದ ಮಹಿಳಾ ಡಾಕ್ಟರು ಹೊರಗೆ ಬಂದಾಗ ಅವನು ಮೊದಲು ಕೇಳಿದ್ದು ಪಂಪಿನ ವಿಷಯ. ಪಂಪಿನ ಗಾಳಿಗೆ ಕೂಸಿನ ಎದೆ ಒಡೆಯಬಹುದೇ?

ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಇದು ನ್ಯುಮೋನಿಯಾ, ಇವತ್ತಿನದಲ್ಲ, ಕಡಿಮೆ ಎಂದರೂ ಮೂರು ದಿನದ್ದು ಎಂದರು. ಪಂಪಿನಿಂದ ಏನೂ ಆಗಿಲ್ಲ, ನಳಿಕೆ ಮೂಗಿನೊಳಗೆ ಹೋಗಿಯೇ ಇಲ್ಲ. ಇನ್ನು ಎರಡು ತಾಸು ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ, ಈಗಲೂ ನಾಳೆಯವರೆಗೆ ಏನನ್ನೂ ಹೇಳುವುದಿಲ್ಲ. ನಿಮ್ಮ ಊರಲ್ಲಿ ಎಲ್ಲರೂ ಕೆಮ್ಮುತ್ತಾರೆಂದು ಗೊತ್ತು ಎಂದೂ ಸೇರಿಸಿದರು.

"ಕೂಸಿನ ಕೆಮ್ಮ ನೋಡಬ್ಯಾಡ್ರಿ. ಅಂಗಿ ತಗದು ಎದಿ ನೋಡ್ರಿ. ಯಾರೂ ನೋಡಿದ್ದಿಲ್ಲೇನು?"

ಭಾನುವಾರ ಸಂಜೆ ಒಲೆಯ ಮುಂದಿನಿಂದ ಎದ್ದು ಬಂದು ತಾನು ಬೈದದ್ದು ಯಾತಕ್ಕೆ ಎಂದು ಜಾಹೀದಾಳಿಗೆ ಆವರೆಗೆ ಗೊತ್ತಿರಲಿಲ್ಲ. ಹುಡುಗಿ ಏನೆಂದಿದ್ದಳು ಎಂದು ಜಾವೇದನ ಫೋನಿನಿಂದ ಅತ್ತೆಯನ್ನು ಕೇಳಿದಳು. ಹಾಜಿರಾಬಿ ಮೀನಿನ ಮಾತನ್ನು ಹೇಳಿದಳು, ಅಂಥ ಮಾತು ಆಡಿದ್ದಕ್ಕೇ ಹೀಗಾಯಿತು ಎಂದೂ ಹೇಳಿದಳು. ಜಾವೇದ ಫೋನು ಇಸಿದುಕೊಂಡು ಡಾಕ್ಟರು ಹೇಳಿದ್ದನ್ನು ತಿಳಿಸಿದ.

"ಡಾಕ್ಟರ ಮನಿಗೆ ಬಂದು ನೋಡ್ಯಾರೇನು? ಕಣ್ಣಾರೆ ನೋಡಿದಾಕಿ ನಾನು," ಎಂದಳು ಹಾಜಿರಾಬಿ.

ಮಂಗಳವಾರ ಬೆಳಿಗ್ಗೆಯೂ ಕೂಸಿನ ಸ್ಥಿತಿ ಹಾಗೇ ಇತ್ತು. ಬಟ್ಟೆ ತರಲು ಜಾವೇದ ಬ್ಯಾಡಗಿಗೆ ಹೋದ. ಅಲ್ಮಾಸ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಳು. ನಿನ್ನೆಯಿಂದ ಯಾರೊಡನೆಯೂ ಮಾತಾಡಿಲ್ಲ, ಉಂಡಿಲ್ಲ ಎಂದು ಹಾಜಿರಾಬಿ ದೂರಿದಳು. ಓಣಿಯ ಹುಡುಗರು ಅವಳನ್ನು ಪಂಪವ್ವ ಎಂದು ಕರೆದದ್ದನ್ನು ಕುಲ್ಸುಮಬಿ ಹೇಳಿದಳು. ಜಾವೇದ ಮಗಳನ್ನೂ ಗಾಡಿಗೆ ಹತ್ತಿಸಿಕೊಂಡ. ಊರು ದಾಟಿದ ಮೇಲೆ ಅಲ್ಮಾಸ ಬಾಯಿ ಬಿಟ್ಟಳು.

"ಅಪ್ಪಾ, ಕೈಸರನ್ನ ಬಕೆಟ್‌ನ್ಯಾಗ ಹಾಕ್ಯಾರೇನು?"

ಜಾವೇದನಿಗೆ ಅರ್ಥವಾಗಲಿಲ್ಲ. ಯಾವ ಬಕೆಟ್ಟು ಎಂದು ಕೇಳಿದ. ಮೀನನ್ನು ಹಾಕಿದಂಥ ಕೆಂಪು ಬಕೆಟ್ಟು ಎಂದಳು. ಅವನು ಗಾಡಿಯನ್ನು ರಸ್ತೆಯ ಬದಿಗೆ ತೆಗೆದುಕೊಂಡು ನಿಲ್ಲಿಸಿದ. ಅವಳು ಮೊದಲಿನಿಂದ ಹೇಳಿದಳು. ಪ್ಲಗ್ಗು ಕಿತ್ತದ್ದು, ಕಿವಿರು ಬಡಿದುಕೊಂಡದ್ದು, ಮಂಡಕ್ಕಿ ತಿನ್ನದಿದ್ದುದು, ನಳಿಕೆ ಇಳಿಬಿಟ್ಟದ್ದು, ಲಗೂ ಕೊಟ್ಟರೆ ಆರಾಮವಾಗುತ್ತದೆ ಎಂದು ಅಲ್ಲಿನವನು ಹೇಳಿದ್ದು. ತಮ್ಮನೂ ಹಾಲು ಕುಡಿಯದಿದ್ದುದಕ್ಕೆ ತನಗೆ ಗೊತ್ತಾಯಿತು ಎಂದಳು. ತಾನು ತಡ ಮಾಡಿದೆ, ಭಾನುವಾರವೇ ಪಂಪು ಹೊಡೆಯಬೇಕಿತ್ತು, ಆಯಿ ಬಡಿದಳೆಂದು ಅಂಜಿದೆ ಎಂದಳು.

ಅವಳು ಹೇಳಿದ ಪ್ರತಿಯೊಂದೂ ನಡೆಯುವಾಗ ಜಾವೇದ ಅವಳ ಪಕ್ಕದಲ್ಲೇ ನಿಂತಿದ್ದ. ಅವನಿಗೆ ನೆನಪಿದ್ದುದು ಫೋನಿನಲ್ಲಿ ಮಾತಾಡಿದ ಲೋಡಿನ ವಿಷಯ ಮಾತ್ರ.

"ತಮ್ಮ ಅದಾನವಾ," ಎಂದ. "ಗಾಳಿ ಹಚ್ಯಾರ. ನೀ ಹೊಡದಂಗ."

ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಹಾವೇರಿಯಲ್ಲಿ ಅವಳನ್ನು ಒಳಗೆ ಬಿಡಲು ನರ್ಸು ಮೊದಲು ಒಪ್ಪಲಿಲ್ಲ, ಡಾಕ್ಟರು ಒಂದು ನಿಮಿಷ ಬಿಡಿ ಎಂದರು. ಅಲ್ಮಾಸ ತಮ್ಮನ ಮುಖ ನೋಡಲಿಲ್ಲ. ನೇರವಾಗಿ ಎದೆ ನೋಡಿದಳು, ಬಹಳ ಹೊತ್ತು ನೋಡಿದಳು. ಇನ್ನೂ ಬಡಿದುಕೊಳ್ಳುತ್ತಿದೆ ಎಂದು ತಾಯಿಗೆ ಹೇಳಿದಳು. ಹೌದು ಎಂದಳು ಜಾಹೀದಾ. ಅವಳನ್ನು ಬೈಯಲಿಲ್ಲ.

ಗುರುವಾರ ಆಕ್ಸಿಜನ್ ತೆಗೆದರು. ಮಧ್ಯಾಹ್ನ ಕೈಸರ ಬಿಡದೆ ಹಾಲು ಕುಡಿದ. ಸುಗ್ಗಿ ಮುಗಿಯುವವರೆಗೆ ಕೂಸನ್ನು ಘಾಟು, ಧೂಳಿನಿಂದ ದೂರ ಇಡಬೇಕು ಎಂದು ಡಾಕ್ಟರು ಹೇಳಿದರು. ಓಣಿಯವರಿಗೆ ಖರೇ ಏನೆಂದು ಹೇಳು ಎಂದು ಜಾವೇದ ತಾಯಿಗೆ ಫೋನಿನಲ್ಲಿ ಹೇಳಿದ. ಕೂಸು ಮೊದಲು ಮನೆಗೆ ಬರಲಿ, ಆ ಹುಡುಗಿಯನ್ನು ಮಾತ್ರ ತೊಟ್ಟಿಲ ಹತ್ತಿರ ಬಿಡಬೇಡಿ ಎಂದಳು ಹಾಜಿರಾಬಿ. ಸ್ಪೀಕರ್ ಹಚ್ಚಿತ್ತು. ಜಾಹೀದಾ ಕೇಳಿಸಿಕೊಂಡಳು, ಅಲ್ಮಾಸಳೂ ಕೇಳಿಸಿಕೊಂಡಳು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಿಟ್ಟರು. ಜಾವೇದ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿದ. ಜಾಹೀದಾ ಕೂಸನ್ನೆತ್ತಿಕೊಂಡು ಮುಂದೆ ಕುಳಿತಳು, ಅಲ್ಮಾಸಳನ್ನು ಪಕ್ಕಕ್ಕೆ ಎಳೆದುಕೊಂಡಳು, ಅಗಡಿಗೆ ನಡೆ ಎಂದಳು. ಎಷ್ಟು ದಿನಕ್ಕೆ ಎಂದು ಜಾವೇದ ಕೇಳಲಿಲ್ಲ. ಸಂಜೆ ಮೂವರನ್ನೂ ಅಗಡಿಯಲ್ಲಿ ಇಳಿಸಿ ಅವನೊಬ್ಬನೇ ಬ್ಯಾಡಗಿಗೆ ಮರಳಿದ.